ಸರ್ವರ್ ಇಲ್ರಿ: ‘ಇಲ್ಲ’ ಎಂಬ ಉತ್ತರದ ಒಂದು ಚರಿತ್ರೆ

ನಮ್ಮದು ದೇವಸುಗೂರು. ಕೆಲವು ವರ್ಷಗಳ ಹಿಂದೆ ಅವ್ವನ ಜೊತೆ ಒಂದು ಕಚೇರಿಯ ಕಿಟಕಿಯೆದುರು ಸಾಲಿನಲ್ಲಿ ನಿಂತಿದ್ದೆ. ಒಳಗಿದ್ದ ಹುಡುಗ ತಲೆ ಎತ್ತದೆ, ‘ಸರ್ವರ್ ಇಲ್ರಿ, ನಾಳಿಗೆ ಬರ್ರಿ’ ಅಂದ. ಮರುದಿನವೂ ಅದೇ ಮಾತು. ಮೂರನೆಯ ದಿನ ಅವ್ವನ ತಾಳ್ಮೆ ಮುಗಿಯಿತು. ‘ಆ ಸರ್ವರ್ ಅಂಬಾವ ಯಾವೂರಾವರೀ? ದಿನಾ ರಜಾ ಹಾಕ್ತಾನಲ್ಲ!’ ಅಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಈಗ ಅನ್ನಿಸುತ್ತದೆ, ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ‘ಸರ್ವರ್ ಇಲ್ಲ’ ಎಂಬ ಎರಡು ಪದದೊಳಗೆ ಏನೇನು ಇರಬಹುದು ನೋಡಿ. ಕರೆಂಟು ಹೋಗಿರಬಹುದು. ಎಲ್ಲೋ ಕೇಬಲ್ ತುಂಡಾಗಿರಬಹುದು. ದೂರದ ಗಣಕ ಕೆಟ್ಟಿರಬಹುದು. ಹುಡುಗನ ಪಾಸ್‌ವರ್ಡ್ ತಪ್ಪಿರಬಹುದು. ನಮ್ಮ ದಾಖಲೆಯೇ ಅಲ್ಲಿ ಇಲ್ಲದಿರಬಹುದು. ಅಥವಾ ಊಟದ ಹೊತ್ತಾಗಿರಬಹುದು. ಇವುಗಳಲ್ಲಿ ಕೆಲವಕ್ಕೆ ನಾಳೆ ಬಂದರೆ ಉಪಯೋಗವುಂಟು, ಕೆಲವಕ್ಕೆ ಹತ್ತು ವರ್ಷ ಬಂದರೂ ಇಲ್ಲ. ಯಾವುದು ಎಂದು ತಿಳಿಯದವರು ಸುಮ್ಮನೆ ಬಸ್ ಚಾರ್ಜು ಕೊಟ್ಟು ಓಡಾಡುತ್ತಾರೆ.

ಇದನ್ನು ನಾನು ಮತ್ತೆ ನೆನೆಯುವಂತಾದದ್ದು ನನ್ನ ಪಿಎಚ್‌ಡಿ ಕೆಲಸದ ನಡುವೆ. ನನ್ನ ವಿಷಯ ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಶಾಸನಗಳು. ಯಾವ ಊರಿನಲ್ಲಿ ಯಾವ ಕಾಲದ ಎಷ್ಟು ಶಾಸನ ಸಿಕ್ಕಿವೆ ಎಂಬ ಪಟ್ಟಿ ಮಾಡಬೇಕಿತ್ತು. ಅಚ್ಚಾದ ಸಂಪುಟಗಳನ್ನು ನೋಡಿದ್ದಾಯಿತು. ಜೊತೆಗೆ ದಾಖಲೆಗಳನ್ನು ಅಂತರ್ಜಾಲದಲ್ಲಿ ಇಟ್ಟಿರುವ ಒಂದು ಸಂಗ್ರಹದಿಂದಲೂ ಮಾಹಿತಿ ತೆಗೆಯೋಣವೆಂದು, ಇಂಜಿನಿಯರ್ ಗೆಳೆಯನಿಂದ ಒಂದು ಚಿಕ್ಕ ಪ್ರೋಗ್ರಾಮ್ ಬರೆಯಿಸಿಕೊಂಡೆ. ಅದು ಊರಿನ ಹೆಸರು ಹಿಡಿದು ಒಂದೊಂದಾಗಿ ಕೇಳುತ್ತಾ ಹೋಗುವುದು, ಬಂದ ಉತ್ತರವನ್ನು ಪಟ್ಟಿಗೆ ಸೇರಿಸುವುದು. ಒಂದು ರಾತ್ರಿ ಓಡಿಸಿ ಮಲಗಿದೆ. ಬೆಳಗ್ಗೆ ನೋಡಿದರೆ ದೇವದುರ್ಗ ತಾಲೂಕಿನ ಸಾಲುಸಾಲು ಊರುಗಳ ಮುಂದೆ ಸೊನ್ನೆ.

ಸಂಶೋಧಕನಿಗೆ ಸೊನ್ನೆ ಬಹಳ ಅಪಾಯದ ವಸ್ತು. ಏನೂ ಇಲ್ಲದ ಕಡೆ ಸಿದ್ಧಾಂತ ಚೆನ್ನಾಗಿ ಬೆಳೆಯುತ್ತದೆ. ಆ ಊರುಗಳ ‘ಮೌನ’ದ ಬಗ್ಗೆ ಎರಡು ಪುಟ ಬರೆದೆ. ದಾನ ಕೊಡುವ ವರ್ಗ ಅಲ್ಲಿ ಬೆಳೆಯಲಿಲ್ಲ, ವ್ಯಾಪಾರದ ದಾರಿ ಅತ್ತ ಹೋಗಲಿಲ್ಲ ಎಂದೆಲ್ಲ. ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಗಬ್ಬೂರು ಇರುವುದು ಅದೇ ತಾಲೂಕಿನಲ್ಲಿ. ಅದರ ಸುತ್ತಲಿನ ಅಷ್ಟು ಊರು ಒಟ್ಟಿಗೆ ಮೂಕವಾಗುವುದು ಹೇಗೆ ಎಂಬ ಅನುಮಾನ ನನಗೆ ಬರಬೇಕಿತ್ತು, ಬರಲಿಲ್ಲ. ಮಾರ್ಗದರ್ಶಕರು ಓದಿ, ಪುಟ ಮಡಚಿ, ಒಂದೇ ಮಾತು ಕೇಳಿದರು: ‘ತಮ್ಮಾ, ಆ ಊರಿಗೆ ಹೋಗಿ ನೋಡೀಯೇನು?’

ಹೋದೆ. ಪಟ್ಟಿಯಲ್ಲಿ ಸೊನ್ನೆಯಿದ್ದ ಒಂದು ಊರಿನ ಹಣಮಪ್ಪನ ಗುಡಿಯ ಬದಿಯಲ್ಲಿ ಸೊಂಟದೆತ್ತರದ ಕಲ್ಲು ನಿಂತಿತ್ತು. ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಹಸು ಕರು. ಅದರ ಕೆಳಗೆ ಅಕ್ಷರ.

ವಾಪಸು ಬಂದು ಗೆಳೆಯನೊಂದಿಗೆ ಕೂತು ಆ ರಾತ್ರಿಯ ಉತ್ತರಗಳನ್ನೆಲ್ಲ ಬಿಚ್ಚಿ ನೋಡಿದೆವು. ಸುಮಾರು ಎರಡು ಗಂಟೆಯ ಹೊತ್ತಿಗೆ ಆ ಸಂಗ್ರಹದ ಒಳಗೆ ಏನೋ ಕೆಟ್ಟಿತ್ತು. ಆಮೇಲೆ ಕೇಳಿದ ಪ್ರತಿ ಊರಿಗೂ ಒಂದೇ ಪುಟ ಬಂದಿತ್ತು, ಚಂದದ ಬಣ್ಣದಲ್ಲಿ ‘ಕ್ಷಮಿಸಿ, ತಾಂತ್ರಿಕ ತೊಂದರೆ’ ಎಂದು. ಆದರೆ ಪುಟದ ಜೊತೆ ಯಂತ್ರಕ್ಕೆಂದು ಕಳಿಸಿದ ಸಂಖ್ಯೆ ಮಾತ್ರ 200. ಅದರ ಅರ್ಥ, ಎಲ್ಲ ಸರಿಯಿದೆ. ನಮ್ಮ ಪ್ರೋಗ್ರಾಮ್‌ಗೆ ಓದಲು ಬರುತ್ತಿದ್ದದ್ದು ಆ ಸಂಖ್ಯೆ. ಎಲ್ಲ ಸರಿಯಿದೆಯಲ್ಲ ಎಂದು ಅದು ಪುಟದಲ್ಲಿ ಶಾಸನ ಹುಡುಕಿತು, ಸಿಗಲಿಲ್ಲ, ಸೊನ್ನೆ ಬರೆಯಿತು. ಬಂದ ಉತ್ತರ ಶಾಸನಪಟ್ಟಿಯ ರೂಪದಲ್ಲೇ ಇದೆಯೇ ಎಂದು ನಾವೂ ನೋಡಿರಲಿಲ್ಲ. ಅರ್ಧ ತಪ್ಪು ನಮ್ಮದೇ. ಹುಡುಕುಯಂತ್ರಗಳ ಲೋಕದಲ್ಲಿ ಇಂಥ ಪುಟಕ್ಕೆ ‘ಸಾಫ್ಟ್ 404’ ಅನ್ನುತ್ತಾರೆ. ನನ್ನ ಪ್ರಬಂಧದ ಎರಡು ಪುಟ ಇಂಥದ್ದರ ಮೇಲೆ ನಿಂತಿತ್ತು.

ಅಂದಿನಿಂದ ತಪ್ಪನ್ನು ಹೇಳುವ ಕ್ರಮದ ಚರಿತ್ರೆಯನ್ನು ಹುಡುಕುತ್ತಾ ಹೋದೆ. ಪ್ರಬಂಧದ ಕೆಲಸ ಬಿಟ್ಟು ಇದರ ಹಿಂದೆ ಬಿದ್ದದ್ದಕ್ಕೆ ಬೈಗುಳವೂ ಸಿಕ್ಕಿತು.

ನಮ್ಮೂರ ಪಕ್ಕದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಮೊದಲ ಘಟಕ 1985ರದ್ದು. ಎಂಟು ಘಟಕ ಸೇರಿ ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ದೇವಸುಗೂರಿನ ಮಕ್ಕಳಿಗೆ ‘ಟ್ರಿಪ್’ ಅಂದರೆ ಪ್ರವಾಸವಲ್ಲ, ಯೂನಿಟ್ ನಿಂತುಹೋಗುವುದು. ಅಲ್ಲಿ ಕೆಲಸ ಮಾಡುತ್ತಿದ್ದ ಕಾಕಾ ಒಮ್ಮೆ ವಿವರಿಸಿದ್ದರು. ಒಂದು ದೋಷವನ್ನು ಮೂರು ಕಡೆ ಮೂರು ಬಗೆಯಲ್ಲಿ ಹೇಳಬೇಕಾಗುತ್ತದಂತೆ. ರಿಲೇಗೆ ಮಾತು ಬೇಡ, ಒಂದು ಸಂಕೇತ ಸಾಕು, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಯಾವ ದೋಷ ಎಂಬ ಹೆಸರಿನ ಸಮೇತ ದೀಪ ಹೊತ್ತಬೇಕು. ಊರವರಿಗೆ ಕರೆಂಟು ಯಾವಾಗ ಬರುತ್ತದೆ ಅನ್ನುವುದು ತಿಳಿದರೆ ಸಾಕು. ವೆಬ್ಬು ಕಟ್ಟಿದವರು ಈ ಪಾಠವನ್ನು ನಿಧಾನವಾಗಿ, ಹಲವು ಸಲ ಮರೆತು ಕಲಿತರು.

1991ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ಬಿನ ಮೊದಲ ಸಂವಾದ ನಿಯಮ ಬರೆದರು. ಆಮೇಲೆ ಅದಕ್ಕೆ ಎಚ್‌ಟಿಟಿಪಿ 0.9 ಎಂಬ ಹೆಸರು ಬಂತು. ಕೇಳುವವನದು ಒಂದೇ ಸಾಲು. ಉತ್ತರವಾಗಿ ಒಂದು ಪುಟ. ತಪ್ಪಾದರೂ ಪುಟವೇ ಬರುತ್ತಿತ್ತು, ಅದರಲ್ಲಿ ತಪ್ಪಿನ ವಿವರಣೆ ಇರುತ್ತಿತ್ತು. ಇದು ಸರಿಯಾದ ಉತ್ತರವೋ ತಪ್ಪಿನ ಸುದ್ದಿಯೋ ಎಂದು ತಿಳಿಯಲು ಪುಟ ಓದುವುದೊಂದೇ ದಾರಿ ಎಂದು ಆ ನಿಯಮಾವಳಿಯೇ ಒಪ್ಪಿಕೊಂಡಿತ್ತು. ಓದುವವರು ಮನುಷ್ಯರು, ಅದೂ ಬೆರಳೆಣಿಕೆಯ ವಿಜ್ಞಾನಿಗಳು ಆಗಿದ್ದಾಗ ಇದರಿಂದ ತೊಂದರೆಯಿರಲಿಲ್ಲ. ನನ್ನ ರಾತ್ರಿಯ ಪ್ರೋಗ್ರಾಮ್ ಬಿದ್ದದ್ದು ಆ ಹಳೆಯ ಗುಂಡಿಯಲ್ಲೇ.

ಮಾರನೆಯ ವರ್ಷದ ಕರಡಿನಲ್ಲಿ ಮೂರಂಕಿಯ ಸಂಖ್ಯೆಗಳು ಬಂದವು. 1996ರ ಮೇ ತಿಂಗಳಲ್ಲಿ ಪ್ರಕಟವಾದ ಆರ್‌ಎಫ್‌ಸಿ 1945ರಲ್ಲಿ ಅವು ನೆಲೆ ನಿಂತವು. ಈ ಮೂರಂಕಿ ಸರ್ನ್‌ನಲ್ಲಿ ಹುಟ್ಟಿದ್ದಲ್ಲ. 404 ಅನ್ನುವುದು ಸರ್ನ್‌ನ ಯಾವುದೋ ಕೋಣೆಯ ಸಂಖ್ಯೆ ಎಂಬ ಕಥೆ ಇಂದಿಗೂ ಓಡಾಡುತ್ತದೆ, ಅದು ಬರಿ ಕಥೆ. ಮೂಲ ಇನ್ನೂ ಹಿಂದೆ, ಕಡತ ಸಾಗಿಸುವ ಎಫ್‌ಟಿಪಿ ನಿಯಮದಲ್ಲಿದೆ. ಅದರ ಮೊದಲ ರೂಪವನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಕಾನ್ಪುರ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. ಎಫ್‌ಟಿಪಿ ಬೆಳೆಯುತ್ತಾ ಹೋದಂತೆ ಉತ್ತರಕ್ಕೆ ಎರಡು ಭಾಗ ಬಂತು: ಯಂತ್ರಕ್ಕೆ ಮುಂದಿನ ಹೆಜ್ಜೆ ಯಾವುದೆಂದು ತಿಳಿಯಲು ಸಂಖ್ಯೆ, ಮನುಷ್ಯನಿಗೆ ಓದಲು ಮಾತು. 1974ರಲ್ಲಿ ಜಾನ್ ಪೋಸ್ಟೆಲ್ ಮೊದಲ ಅಂಕಿಗೊಂದು ಅಚ್ಚುಕಟ್ಟಾದ ಅರ್ಥ ಕೊಟ್ಟರು. 4ರಿಂದ ಶುರುವಾದರೆ ತಾತ್ಕಾಲಿಕ ತೊಂದರೆ, ಮತ್ತೆ ಕೇಳಿ ನೋಡಬಹುದು. 5ರಿಂದ ಶುರುವಾದರೆ ಹೀಗೇ ಮತ್ತೆ ಕೇಳಿ ಪ್ರಯೋಜನವಿಲ್ಲ.

ವೆಬ್ಬು ಈ ಅಂಕಿಗಳನ್ನು ತೆಗೆದುಕೊಂಡಿತು, ಅರ್ಥವನ್ನು ಬದಲಿಸಿತು. ಇಲ್ಲಿ 4 ಅಂದರೆ ತಪ್ಪು ಕೇಳಿದವನದು, 5 ಅಂದರೆ ತಪ್ಪು ಸರ್ವರಿನದು. ಎಫ್‌ಟಿಪಿ ಉತ್ತರಿಸುತ್ತಿದ್ದದ್ದು ‘ನಾಳೆ ಬರಬೇಕೋ ಬೇಡವೋ’ ಎಂಬ ಪ್ರಶ್ನೆಗೆ. ವೆಬ್ಬು ಉತ್ತರಿಸುವುದು ‘ತಪ್ಪು ಯಾರದು’ ಎಂಬುದಕ್ಕೆ. ಕಿಟಕಿಯೆದುರು ನಿಂತ ನಮ್ಮವ್ವನಿಗೆ ಬೇಕಿದ್ದದ್ದು ಮೊದಲನೆಯದು. ಆ ಪ್ರಶ್ನೆಯನ್ನು ವೆಬ್ಬು ಪೂರ್ತಿ ಕೈಬಿಟ್ಟಿಲ್ಲ. 503 ಎಂಬ ಸಂಖ್ಯೆಯ ಜೊತೆ ‘ರಿಟ್ರೈ-ಆಫ್ಟರ್’ ಎಂಬ ಸಾಲು ಕಳಿಸಬಹುದು, ಇಷ್ಟು ಹೊತ್ತು ಬಿಟ್ಟು ಬನ್ನಿ ಎಂದು. ಅದನ್ನು ಕಳಿಸುವವರು ಕಡಿಮೆ.

ಚರಿತ್ರೆಯ ವಿದ್ಯಾರ್ಥಿಗೆ ಈ ಸಂಖ್ಯೆಗಳು ಹೊಸವೇನಲ್ಲ. ಪತ್ರಾಗಾರದಲ್ಲಿ ಚೀಟಿ ಬರೆದುಕೊಟ್ಟು ಕಾದವರಿಗೆ ಇವು ಗೊತ್ತು. ಚೀಟಿ ಹಿಂದಿರುಗುತ್ತದೆ, ಮೂಲೆಯಲ್ಲಿ ಒಂದು ಗುರುತು. ‘ಎನ್‌ಟಿ’ ಅಂದರೆ ಇಲಾಖೆಯಿಂದ ಇನ್ನೂ ಇಲ್ಲಿಗೆ ವರ್ಗಾವಣೆಯಾಗಿಲ್ಲ. ಇನ್ನೊಂದಕ್ಕೆ ಹುಡುಕಿದೆವು, ಸಿಗಲಿಲ್ಲ. ಮತ್ತೊಂದಕ್ಕೆ ಕಾಗದ ಜೀರ್ಣವಾಗಿದೆ, ಕೊಡಲಾಗದು. ಕೈಗೆ ಕಡತ ಬಾರದಿರುವುದು ಮೂರರಲ್ಲೂ ಒಂದೇ. ಆದರೆ ಮುಂದಿನ ದಾರಿ ಬೇರೆಬೇರೆ. ಮೊದಲನೆಯದಕ್ಕೆ ಇಲಾಖೆಗೆ ಹೋಗಬೇಕು, ಎರಡನೆಯದಕ್ಕೆ ಇನ್ನೊಬ್ಬ ಸಿಬ್ಬಂದಿಯನ್ನು ಕೇಳಬೇಕು, ಮೂರನೆಯದಕ್ಕೆ ಮೈಕ್ರೋಫಿಲಂ ಇದೆಯೇ ಎಂದು ವಿಚಾರಿಸಬೇಕು.

ಇದಕ್ಕಿಂತ ಹಳೆಯ ಉದಾಹರಣೆ ನಮ್ಮ ಸೀಮೆಯಲ್ಲೇ ಇದೆ. ಅಶೋಕನ ಹದಿನಾಲ್ಕನೆಯ ಶಿಲಾಶಾಸನ ಒಂದು ಬಗೆಯ ಹಿನ್ನುಡಿ. ತನ್ನ ಶಾಸನಗಳು ಕೆಲವೆಡೆ ಸಂಕ್ಷಿಪ್ತ, ಕೆಲವೆಡೆ ವಿಸ್ತಾರ. ಎಲ್ಲವೂ ಎಲ್ಲ ಕಡೆ ಇಲ್ಲ ಎಂದು ಅದು ಹೇಳುತ್ತದೆ. ಅಪೂರ್ಣವಾಗಿರುವ ಕಡೆ ಕಾರಣ ಸ್ಥಳದ್ದಿರಬಹುದು, ಅಥವಾ ಲಿಪಿಕಾರನ ತಪ್ಪಿರಬಹುದು ಎಂದು ಬೇರ್ಪಡಿಸಿ ಸೂಚಿಸುತ್ತದೆ. ಇಪ್ಪತ್ಮೂರು ಶತಮಾನಗಳ ಹಿಂದೆ ಒಬ್ಬ ಚಕ್ರವರ್ತಿ ತನ್ನ ಕಚೇರಿಯ ತಪ್ಪಿಗೂ ಕಲ್ಲಿನಲ್ಲೇ ಜಾಗ ಕೊಟ್ಟ. ಭೀಮಾ ದಂಡೆಯ ಸನ್ನತಿಯಲ್ಲಿ ಸಿಕ್ಕ ಕಲ್ಲಿನ ಮೇಲೆ ಇದೇ ಹದಿನಾಲ್ಕನೆಯ ಶಾಸನವೂ ಇದೆ. ನಮ್ಮದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದದ್ದು ಅಶೋಕ ಎಂಬ ಹೆಸರೇ ಇರುವ ಶಾಸನ, ಅದು ಎಲ್ಲರಿಗೂ ಗೊತ್ತಿರುವ ಕಥೆ. ಆ ಕಲ್ಲಿನಲ್ಲೂ ಅಕ್ಷರ ಅಳಿಸಿದ ಜಾಗಗಳಿವೆ. ಹೀಗೆ ಅಳಿಸಿದ್ದನ್ನು ಹೇಗೆ ಅಚ್ಚು ಮಾಡುವುದು ಎಂಬುದಕ್ಕೆ ಶಾಸನಶಾಸ್ತ್ರಜ್ಞರು ಒಂದು ಶಿಸ್ತು ಬೆಳೆಸಿದ್ದಾರೆ. ಹೋದ ಅಕ್ಷರಕ್ಕೆ ಚುಕ್ಕಿ. ಮಸುಕಾಗಿದ್ದು ಹೀಗಿರಬಹುದು ಅನ್ನುವುದಕ್ಕೆ ಚೌಕ ಕಂಸ. ಕಲ್ಲಿನಲ್ಲಿಲ್ಲದೆ ಸಂಪಾದಕರು ಸೇರಿಸಿದ್ದಕ್ಕೆ ನಕ್ಷತ್ರ ಗುರುತು. ‘ಮುಂದೆ ಕಲ್ಲು ತ್ರುಟಿತ’ ಎಂಬ ಸಾಲು ಓದದೆ ಶಾಸನ ಓದಿದವರಿಲ್ಲ. ಶಾಸನ ಅಲ್ಲಿಗೆ ಮುಗಿಯಿತು ಎನ್ನುವುದಕ್ಕೂ ಅಲ್ಲಿಂದ ಮುಂದೆ ಕಲ್ಲು ಒಡೆದಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ನಮಗೆ ಎಂ.ಎ. ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಕಂಪ್ಯೂಟರ್ ಮುಂದೆ ಕೂತಾಗ ಅದನ್ನು ಮರೆತದ್ದು ನಾನು.

ಮತ್ತೆ ವೆಬ್ಬಿಗೆ ಬರೋಣ. ಸಂಖ್ಯೆಗಳು ಬಂದವು, ಅವುಗಳನ್ನು ಸರಿಯಾಗಿ ಕಳಿಸುವುದು ಸುಲಭವಾಗಲಿಲ್ಲ. 1999ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5, ಸರ್ವರ್ ಕಳಿಸಿದ ತಪ್ಪಿನ ಪುಟ ತೀರಾ ಚಿಕ್ಕದಾಗಿದ್ದರೆ ಅದನ್ನು ಎಸೆದು ತನ್ನದೇ ‘ಸ್ನೇಹಮಯ’ ಪುಟ ತೋರಿಸುತ್ತಿತ್ತು. 404 ಮತ್ತು 500ಕ್ಕೆ ಗಡಿ 512 ಬೈಟ್. ಹಾಗಾಗಿ ತಾಣ ನಡೆಸುವವರು ತಮ್ಮ ಮಾತು ಓದುಗರಿಗೆ ತಲುಪಲಿ ಎಂದು ಪುಟದೊಳಗೆ ಕಾಣದ ಸಾಲು ತುಂಬಿ ಉದ್ದ ಮಾಡುತ್ತಿದ್ದರು. (ಯೂನಿಕೋಡ್ ಕನ್ನಡದ ಒಂದು ಅಕ್ಷರಚಿಹ್ನೆಗೆ ಸಾಮಾನ್ಯವಾಗಿ ಮೂರು ಬೈಟ್ ಬೇಕು. ಈ ಒಂದು ಕಡೆಯಾದರೂ ನಮಗೆ ಲಾಭವಿತ್ತು.)

ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ 2002ರಲ್ಲಿ ಬಂತು. ನನ್ನ ಗೆಳೆಯ ದುಡಿಯುವುದು ಅದರಲ್ಲೇ ಆದ್ದರಿಂದ ಅದರ ಕಥೆ ನನಗೆ ಹೆಚ್ಚು ತಿಳಿಯಿತು. ತಪ್ಪಾದಾಗ ಅದು ತೋರಿಸುತ್ತಿದ್ದ ಹಳದಿ ಪರದೆ ಕುಖ್ಯಾತ. ಪ್ರೋಗ್ರಾಮಿನ ಯಾವ ಸಾಲಿನಲ್ಲಿ ತಪ್ಪು, ಕಡತ ಯಾವ ಫೋಲ್ಡರಿನಲ್ಲಿದೆ, ಎಲ್ಲ ಅದರಲ್ಲಿ. ಬರೆದವನಿಗೆ ಬೇಕಾದ ಮಾಹಿತಿ, ಓದುಗನಿಗೆ ಗಾಬರಿ, ಕಳ್ಳನಿಗೆ ನಕ್ಷೆ. ಅದಕ್ಕೆ ‘ಕಸ್ಟಮ್‌ಎರರ್ಸ್’ ಎಂಬ ಹೊಂದಿಕೆ ಕೊಟ್ಟಿದ್ದರು, ಮೂರು ಆಯ್ಕೆ: ಆನ್, ಆಫ್, ರಿಮೋಟ್‌ಓನ್ಲಿ. ಕೊನೆಯದರಲ್ಲಿ ಸರ್ವರಿನ ಮುಂದೆಯೇ ಕೂತವರಿಗೆ ಪೂರ್ತಿ ವಿವರ, ಹೊರಗಿನವರಿಗೆ ಸಭ್ಯವಾದ ಪುಟ. ಕೇಳುಗರು ಎರಡು ಬಗೆ ಎಂಬುದನ್ನು ಆ ಒಂದು ಪದ ಒಪ್ಪಿಕೊಂಡಿತ್ತು. ಆದರೆ ಆ ಸಭ್ಯ ಪುಟಕ್ಕೆ ಕರೆದೊಯ್ಯುವ ರೀತಿ ಎಡವಟ್ಟಾಗಿತ್ತು. ಮೊದಲು ‘ಅತ್ತ ಹೋಗಿ’ ಎಂದು 302, ಅಲ್ಲಿ ಹೋದರೆ ತಪ್ಪಿನ ಪುಟದ ಜೊತೆ 200. ನನ್ನ ಸೊನ್ನೆಗಳ ವಂಶಾವಳಿ ಇಲ್ಲಿಗೆ ಬಂದು ಸೇರಬಹುದು. ವಿಳಾಸ ಬದಲಿಸದೆ ಅಲ್ಲಿಯೇ ಪುಟ ಬದಲಿಸುವ ಆಯ್ಕೆ ಬಂದದ್ದು ತಡವಾಗಿ, 3.5ರ ಮೊದಲ ಸರ್ವಿಸ್ ಪ್ಯಾಕಿನಲ್ಲಿ.

ಅಷ್ಟರಲ್ಲಿ ಎರಡನೆಯ ಬಾಗಿಲು ತೆರೆಯಿತು. ತಾಣ ಅನ್ನುವುದು ಮನೆಯ ಮುಂಬಾಗಿಲಾದರೆ ವೆಬ್ ಎಪಿಐ ಹಿತ್ತಲ ಬಾಗಿಲು. ಮುಂದಿನಿಂದ ಮನುಷ್ಯರು ಬರುತ್ತಾರೆ, ಅವರಿಗೆ ಬಣ್ಣ, ಚಿತ್ರ, ಮಾತು ಬೇಕು. ಹಿತ್ತಲಿನಿಂದ ಬೇರೆ ಪ್ರೋಗ್ರಾಮ್‌ಗಳು ಬಂದು ಬರಿ ದತ್ತಾಂಶ ಕೇಳುತ್ತವೆ. ಮೊಬೈಲ್ ಆ್ಯಪ್‌ಗಳೆಲ್ಲ ಹೀಗೇ ಬದುಕುವುದು. ಮೈಕ್ರೋಸಾಫ್ಟ್ 2012ರಲ್ಲಿ ಇದಕ್ಕೆಂದೇ ‘ವೆಬ್ ಎಪಿಐ’ ಹೊರತಂದಿತು. ಮನೆಯ ಒಳಗೆ ಬೆಂಕಿ ಬಿದ್ದರೆ ಎರಡೂ ಬಾಗಿಲಲ್ಲಿ ಹೇಳಬೇಕು, ಆದರೆ ಹೇಳುವ ಭಾಷೆ ಬೇರೆ. ಇಲ್ಲಿ ಗೊಂದಲ ದೊಡ್ಡದಾಯಿತು. ತಾಣಕ್ಕೆ ಕಸ್ಟಮ್‌ಎರರ್ಸ್. ಅದರ ಹೊರಗೆ ಐಐಎಸ್ ಎಂಬ ಸರ್ವರಿನದೇ ಇನ್ನೊಂದು ಹೊಂದಿಕೆ, ‘ಎಚ್‌ಟಿಟಿಪಿ‌ಎರರ್ಸ್’. ಎಪಿಐಗೆ ಅದರದೇ ಮೂರನೆಯ ಕ್ರಮ. ಎಪಿಐ ಪಾಪ ಸರಿಯಾಗಿಯೇ ‘404, ಈ ಸಂಖ್ಯೆಯ ಶಾಸನವಿಲ್ಲ’ ಎಂದು ಯಂತ್ರದ ಭಾಷೆಯಲ್ಲಿ ಬರೆದು ಕಳಿಸಿರುತ್ತದೆ. ಬಾಗಿಲಲ್ಲಿ ನಿಂತ ಐಐಎಸ್, ಹೊಂದಿಕೆ ಸರಿಯಿಲ್ಲದಿದ್ದರೆ, ಆ ಚೀಟಿಯನ್ನು ಹರಿದು ತನ್ನ ಬಣ್ಣದ ಪುಟ ಕೊಡುತ್ತದೆ. ಬಂದದ್ದನ್ನು ಬಂದಂತೆ ಬಿಡು ಎಂದು ‘ಪಾಸ್‌ಥ್ರೂ’ ಹಾಕಿದರೆ ಎಪಿಐ ಸರಿಹೋಗುತ್ತದೆ, ಆದರೆ ತಾಣದ ಕೆಲವು ತಪ್ಪುಗಳು ಬೋಳುಬೋಳಾಗಿ ಓದುಗರೆದುರು ಬೀಳುತ್ತವೆ. ಗೆಳೆಯ ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಎಲ್ಲವನ್ನೂ ಬಿಡಿಸಿ ಹೇಳಿಬಿಟ್ಟರೆ ಆಯಿತಲ್ಲ ಎಂದು ನಾನು ವಾದಿಸಿದೆ. ಅದಕ್ಕವನು 2010ರ ಸೆಪ್ಟೆಂಬರಿನ ಕಥೆ ಹೇಳಿದ. ಜೂಲಿಯಾನೋ ರಿಝೋ ಮತ್ತು ಥಾಯ್ ಡುವಾಂಗ್ ಎಂಬ ಇಬ್ಬರು ಬ್ಯೂನಸ್ ಐರಿಸ್‌ನ ಎಕೋಪಾರ್ಟಿ ಸಮ್ಮೇಳನದಲ್ಲಿ ಎಎಸ್‌ಪಿ ಡಾಟ್ ನೆಟ್‌ನ ಗೂಢಲಿಪಿಯನ್ನು ಒಡೆದು ತೋರಿಸಿದರು. ಅವರು ಬಳಸಿದ್ದು ತಪ್ಪಿನ ಸಂದೇಶಗಳನ್ನೇ. ಗೂಢಲಿಪಿಯ ತುಣುಕನ್ನು ಕೊಂಚ ಕೊಂಚ ಬದಲಿಸಿ ಸಾವಿರಾರು ಸಲ ಕಳಿಸುವುದು. ಸರ್ವರ್ ಒಮ್ಮೆ ಒಂದು ಬಗೆಯ ತಪ್ಪು ಹೇಳುತ್ತದೆ, ಒಮ್ಮೆ ಇನ್ನೊಂದು ಬಗೆ. ಆ ವ್ಯತ್ಯಾಸದಿಂದಲೇ ಒಳಗಿನ ಗುಟ್ಟು ಅಕ್ಷರ ಅಕ್ಷರವಾಗಿ ಹೊರಬರುತ್ತದೆ. ಸರ್ಜ್ ವೋದನೇ ಎಂಬ ವಿದ್ವಾಂಸರು 2002ರಲ್ಲೇ ಈ ಸಾಧ್ಯತೆಯನ್ನು ತೋರಿಸಿದ್ದರು. ಮೈಕ್ರೋಸಾಫ್ಟ್ ಅವಸರದಲ್ಲಿ ಕೊಟ್ಟ ಸಲಹೆ: ಯಾವ ತಪ್ಪಾದರೂ ಒಂದೇ ಪುಟ ತೋರಿಸಿ, ಪುಟ ಕೊಡುವ ಮೊದಲು ಲೆಕ್ಕವಿಲ್ಲದಂತೆ ಸ್ವಲ್ಪ ತಡ ಮಾಡಿ. ಸೆಪ್ಟೆಂಬರ್ 28ಕ್ಕೆ ದುರಸ್ತಿ ಬಂತು. ಆದರೆ ‘ಎಲ್ಲಕ್ಕೂ ಒಂದೇ ಉತ್ತರ’ ಎಂಬ ಅಭ್ಯಾಸ ಅನೇಕ ಕಡೆ ಉಳಿದುಕೊಂಡಿತು.

ಒಂದೆಡೆ ಹೆಚ್ಚು ಹೇಳಿದರೆ ಮನೆ ಕಳುವಾಗುತ್ತದೆ, ಇನ್ನೊಂದೆಡೆ ಕಡಿಮೆ ಹೇಳಿದರೆ ನನ್ನಂಥವನು ಇಲ್ಲದ ಮೌನಕ್ಕೆ ವ್ಯಾಖ್ಯಾನ ಬರೆಯುತ್ತಾನೆ. ಇದಕ್ಕೆ ದಾರಿಯೇ ಇಲ್ಲವೆಂದಲ್ಲ. 2016ರ ಮಾರ್ಚ್‌ನಲ್ಲಿ ಮಾರ್ಕ್ ನಾಟಿಂಗ್‌ಹ್ಯಾಮ್ ಮತ್ತು ಎರಿಕ್ ವೈಲ್ಡ್ ಬರೆದ ಆರ್‌ಎಫ್‌ಸಿ 7807 ಬಂತು. ಎಪಿಐಗಳು ತಪ್ಪನ್ನು ಹೇಳಲು ಒಂದು ನಿಗದಿತ ನಮೂನೆ: ತಪ್ಪಿನ ಬಗೆ, ಶೀರ್ಷಿಕೆ, ಸಂಖ್ಯೆ, ಈ ಸಲದ ವಿವರ, ಈ ಘಟನೆಯ ಗುರುತು. 2023ರಲ್ಲಿ ಅದನ್ನು ತಿದ್ದಿ 9457 ಮಾಡಿದರು. ಒಳಗಿನ ಕರುಳು ಹೊರಗೆ ಹಾಕಬೇಡಿ ಎಂಬ ಎಚ್ಚರಿಕೆಯೂ ಅದರಲ್ಲೇ ಇದೆ.

ಆ ಘಟನೆಯಾದ ಮೇಲೆ ನಾವಿಬ್ಬರೂ ಸೇರಿ ನಮ್ಮದೇ ಚಿಕ್ಕ ತಾಣ ಕಟ್ಟಿದೆವು. ನಾನು ಊರೂರು ತಿರುಗಿ ನೋಡಿದ ಕಲ್ಲುಗಳ ಪಟ್ಟಿ, ಮುಂಬಾಗಿಲಿಗೆ ಪುಟ, ಹಿತ್ತಲಿಗೆ ಎಪಿಐ. ಶಾಸನ ಸೇರಿಸುವ ಮೊದಲು ತಪ್ಪು ಹೇಳುವ ಕ್ರಮ ಸೇರಿಸಬೇಕೆಂದು ನಾನೇ ಹಠ ಹಿಡಿದೆ. ತಪ್ಪು ಹಿಡಿಯುವ ಭಾಗವನ್ನು ಎಲ್ಲಕ್ಕಿಂತ ಮುಂದೆ ಇಟ್ಟೆವು, ಏಕೆಂದರೆ ಅದು ತನ್ನ ಹಿಂದೆ ನಡೆದದ್ದನ್ನು ಮಾತ್ರ ಹಿಡಿಯಬಲ್ಲದು. ಕೇಳಿಕೆ ಎಪಿಐ ದಾರಿಯಲ್ಲಿ ಬಂದಿದ್ದರೆ 9457ರ ನಮೂನೆ, ಇಲ್ಲದಿದ್ದರೆ ಕನ್ನಡದ ಪುಟ. ಎರಡರಲ್ಲೂ ಸಂಖ್ಯೆ ನಿಜವಾದದ್ದೇ ಇರಬೇಕು. ಬೇರೆ ವಿಳಾಸಕ್ಕೆ ಅಟ್ಟಬಾರದು. ಎರಡರಲ್ಲೂ ಒಂದು ಉಲ್ಲೇಖ ಸಂಖ್ಯೆ. ಪೂರ್ತಿ ವಿವರ ಅದೇ ಸಂಖ್ಯೆಯಡಿ ನಮ್ಮ ಲಾಗ್ ಕಡತದಲ್ಲಿ ಮಾತ್ರ. ಯಾರಾದರೂ ಫೋನ್ ಮಾಡಿ ಆ ಸಂಖ್ಯೆ ಓದಿದರೆ ನಮಗೆ ಸಾಕು. ಕಳ್ಳನಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲ ವಾರವೇ ಮುಗ್ಗರಿಸಿದೆವು. ತಪ್ಪಿನ ಪುಟದ ನೆತ್ತಿಯ ಮೇಲೆ ‘ಈವರೆಗೆ ಸೇರಿದ ಶಾಸನಗಳು ಇಷ್ಟು’ ಎಂಬ ಲೆಕ್ಕ ಹಾಕಿದ್ದೆ, ನನ್ನ ಚಪಲ. ಆ ಲೆಕ್ಕ ಬರುವುದು ಡೇಟಾಬೇಸಿನಿಂದ. ಡೇಟಾಬೇಸೇ ನಿಂತಾಗ ತಪ್ಪಿನ ಪುಟ ತೋರಿಸಲು ಹೋಗಿ ಅದರಲ್ಲೇ ಇನ್ನೊಂದು ತಪ್ಪಾಗಿ, ಓದುಗರಿಗೆ ಬಿಳಿ ಪರದೆ. ಈಗ ಆ ಪುಟ ಯಾರನ್ನೂ ನೆಚ್ಚದ ಬರಿ ಒಂದು ಕಡತ.

ಹೆಚ್ಚು ಹೊತ್ತು ಹಿಡಿದದ್ದು ಮಾತುಗಳನ್ನು ಬರೆಯುವುದು. ‘ದೋಷ ಸಂಭವಿಸಿದೆ’ ಎಂಬ ಅನುವಾದದ ಕನ್ನಡ ನನಗೆ ಬೇಡವಾಗಿತ್ತು. ನಮ್ಮ ನುಡಿಯಲ್ಲಿ ನಿರಾಕರಣೆಗೆ ಎಷ್ಟು ಬಗೆ! ಇಲ್ಲ, ಅಲ್ಲ, ಬೇಡ, ಕೂಡದು, ಆಗದು, ಅರಿಯೆ. ನಮ್ಮ ಕಡೆ ಇಂದಿಗೂ ದಿನಬಳಕೆಯ ‘ಒಲ್ಲೆ’. ಇವುಗಳನ್ನು ಹಂಚುತ್ತಾ ಕೂತೆವು. 400ಕ್ಕೆ ‘ಕೇಳಿದ್ದು ತಿಳಿಯಲಿಲ್ಲ’. 403ಕ್ಕೆ ‘ಇದೆ, ಆದರೆ ಕೊಡಲಾಗದು’. 404ಕ್ಕೆ ‘ಇಲ್ಲಿ ಇಲ್ಲ’. ‘ಎಲ್ಲಿಯೂ ಇಲ್ಲ’ ಎಂದು ಅದು ಹೇಳುವುದಿಲ್ಲವಾದ್ದರಿಂದ ‘ಇಲ್ಲಿ’ ಎಂಬ ಪದವನ್ನು ದಪ್ಪಕ್ಷರದಲ್ಲಿ ಹಾಕಿಸಿದೆ. 1997ರಲ್ಲಿ ಬಂದ 410ಕ್ಕೆ ‘ಇತ್ತು, ಈಗಿಲ್ಲ’. 500ಕ್ಕೆ ‘ತಪ್ಪು ನಮ್ಮದು’. 503ಕ್ಕೆ ‘ಈಗಲ್ಲ, ಇಷ್ಟು ಹೊತ್ತಿಗೆ ಬನ್ನಿ’. 451 ನಮಗೆ ಬೇಕಾಗಿಲ್ಲ, ಆದರೆ ಸಾಹಿತ್ಯದ ಓದುಗರಿಗೆ ಹೇಳಲೇಬೇಕು: ಕಾನೂನಿನ ಆದೇಶದಿಂದ ತಡೆಹಿಡಿದ ಪುಟಕ್ಕೆ 2016ರಲ್ಲಿ ಕೊಟ್ಟ ಆ ಸಂಖ್ಯೆ ರೇ ಬ್ರಾಡ್‌ಬರಿಯ, ಪುಸ್ತಕ ಸುಡುವ ಲೋಕದ ಕಾದಂಬರಿ ‘ಫ್ಯಾರನ್‌ಹೀಟ್ 451’ರ ನೆನಪಿಗೆ. ಸುಟ್ಟದ್ದನ್ನು ‘ಸಿಗಲಿಲ್ಲ’ ಎನ್ನಬಾರದು ಎಂಬುದೇ ಅದರ ಹಿಂದಿನ ವಾದ.

ಒಂದು ಪ್ರಶ್ನೆಗೆ ಮಾತ್ರ ಯಾವ ಸಂಖ್ಯೆಯೂ ಸಿಗಲಿಲ್ಲ. ಊರು ನಮ್ಮ ಪಟ್ಟಿಯಲ್ಲಿದೆ, ಶಾಸನ ಒಂದೂ ಇಲ್ಲ. ಸಂಖ್ಯೆ 200, ಖಾಲಿ ಪಟ್ಟಿ, ತಾಂತ್ರಿಕವಾಗಿ ಸರಿ. ಆದರೆ ಹೋಗಿ ನೋಡಿ ಇಲ್ಲವೆಂದು ಬರೆದದ್ದೋ, ಯಾರೂ ಹೋಗಿಯೇ ಇಲ್ಲವೋ? ಇದು ನಮ್ಮ ಸೀಮೆಯ ಹಳೆಯ ಗಾಯ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ರಾಯಚೂರಿನದು ಅಲ್ಲಿಲ್ಲ. ಕಲ್ಲುಗಳಿರಲಿಲ್ಲವೆಂದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲೇ 1294ರ ಶಾಸನ ಹೊತ್ತ ಭಾರಿ ಕಲ್ಲಿದೆ. ರೈಸ್ ಅವರದು ಮೈಸೂರು ಸಂಸ್ಥಾನ ಮತ್ತು ಕೊಡಗಿನ ಕೆಲಸ, ನಾವಿದ್ದದ್ದು ನಿಜಾಮರ ಹೈದರಾಬಾದಿನಲ್ಲಿ. ಅಲ್ಲಿ ಪುರಾತತ್ವ ಇಲಾಖೆ ಶುರುವಾದದ್ದೇ 1914ರಲ್ಲಿ, ಗುಲಾಂ ಯಜ್ದಾನಿ ಅವರ ನೇತೃತ್ವದಲ್ಲಿ. 1948ರಲ್ಲಿ ಆ ಸಂಸ್ಥಾನ ಭಾರತಕ್ಕೆ ಸೇರಿ, 1956ರಲ್ಲಿ ನಾವು ಕನ್ನಡದ ರಾಜ್ಯಕ್ಕೆ ಬಂದೆವು. ಸಂಪುಟ ತೆರೆದವನಿಗೆ ಕಾಣುವ ಆ ಖಾಲಿ ಜಾಗ ‘ಇಲ್ಲ’ ಅಲ್ಲ, ‘ನಮ್ಮ ಗಡಿಯಾಚೆ’. ಹಂಪಿಯ ಕನ್ನಡ ವಿಶ್ವವಿದ್ಯಾಲಯ ರಾಯಚೂರು ಜಿಲ್ಲೆಯ ಶಾಸನ ಸಂಪುಟ ತಂದದ್ದು ಎಷ್ಟೋ ಕಾಲದ ಮೇಲೆ. ನಡುವೆ ಕಳೆದ ವರ್ಷಗಳಲ್ಲಿ ಎಷ್ಟು ಕಲ್ಲು ಮನೆಯ ಮೆಟ್ಟಿಲಾದವೋ!

ಹಾಗಾಗಿ ಪ್ರತಿ ಊರಿನ ಮುಂದೆ ಎರಡು ಅಂಕಣ ಸೇರಿಸಿದೆವು: ಕೊನೆಯ ಬಾರಿ ಹೋಗಿ ನೋಡಿದ್ದು ಯಾವಾಗ, ಮತ್ತೆ ನೋಡಬೇಕಾದ್ದು ಯಾವಾಗ. ಮೊದಲನೆಯದು ಖಾಲಿಯಿದ್ದರೆ ಪುಟದಲ್ಲೂ ಎಪಿಐಯಲ್ಲೂ ‘ಯಾರೂ ನೋಡಿಲ್ಲ’ ಎಂದು ಬರುತ್ತದೆ. ಸದ್ಯಕ್ಕೆ ಬಹಳ ಊರುಗಳು ಹಾಗೇ ಇವೆ. ಪ್ರಬಂಧದ ಆ ಎರಡು ಪುಟ ತೆಗೆದುಹಾಕಿದ್ದೇನೆ. ಮಾರ್ಗದರ್ಶಕರು ‘ಮೌನ’ ಎಂಬ ಪದ ಕಂಡರೆ ಈಗಲೂ ಕೆಂಪು ಪೆನ್ನಿನಲ್ಲಿ ಊರಿನ ಹೆಸರು ಕೇಳುತ್ತಾರೆ.

ಹಣಮಪ್ಪನ ಗುಡಿಯ ಕಲ್ಲಿಗೆ ಎರಡನೆಯ ಸಲ ಹೋದಾಗ ಎಣ್ಣೆ, ಸುಣ್ಣ ಒರೆಸಿ ಮೇಲಿನ ಏಳು ಸಾಲು ಓದಲು ಆಯಿತು. ಉಳಿದದ್ದು ನೆಲದೊಳಗಿದೆ. ಅಗೆಯಬಹುದೇ ಎಂದು ಪೂಜಾರಿಯವರನ್ನು ಕೇಳಿದೆ. ‘ಈಗ ಬ್ಯಾಡ್ರಿ, ಉಗಾದಿ ಆದಮ್ಯಾಲ ಬರ್ರಿ. ಕಟ್ಟಿ ರಿಪೇರಿ ಮಾಡಸ್ತೀವಿ, ಆವಾಗ ಮಣ್ಣು ತೆಗಸೂದಾಗ್ತದ’ ಅಂದರು. ಅಲ್ಲಿಯೇ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ದಾಖಲಿಸಿದೆ: ಎಂಟನೆಯ ಸಾಲಿನಿಂದ ಮುಂದೆ ಓದಲಾಗಿಲ್ಲ. ಕಾರಣ, ಕಲ್ಲಿನ ಕೆಳಭಾಗ ಮಣ್ಣಿನಲ್ಲಿದೆ. ಮತ್ತೆ ನೋಡಬೇಕಾದ್ದು: ಯುಗಾದಿಯ ನಂತರ.